ಗೋಡಂಬಿ ಒಂಟಿಯಾಗಿ ಬರುವುದಿಲ್ಲ

ನಾಯಿ ಸಾಕಿದ ಮನೆಗಳ ಅಜ್ಜ–ಅಜ್ಜಿಯರಿಗೆ ಒಂದು ಬಹಿರಂಗ ಪತ್ರ

ನನ್ನ ಓರಗೆಯವರೇ,

ಬೆಳಿಗ್ಗೆ ಮಗ, ಸೊಸೆ, ಮೊಮ್ಮಕ್ಕಳು ಆಫೀಸು, ಸ್ಕೂಲು ಅಂತ ಹೊರಟುಹೋದ ಮೇಲೆ ಮನೆಯಲ್ಲಿ ಉಳಿಯುವುದು ನಾವು ಮತ್ತು ನಾಯಿ. ತಂದವರು ಅವರು, ಹೆಸರಿಟ್ಟವರು ಮೊಮ್ಮಕ್ಕಳು, ಹಗಲೆಲ್ಲ ನೋಡಿಕೊಳ್ಳುವವರು ನಾವು. ಹಾಗಿದ್ದೂ ಅದರ ತಿಂಡಿತೀರ್ಥದ ವಿಷಯಕ್ಕೆ ಬಂದರೆ ನಮ್ಮನ್ನು ಯಾರೂ ನಂಬುವುದಿಲ್ಲ. "ಅಮ್ಮಾ, ಅದಕ್ಕೆ ಏನೂ ಕೊಡಬೇಡ" ಎಂದು ಚಪ್ಪಲಿ ಮೆಟ್ಟಿಕೊಳ್ಳುವಾಗ ಒಂದು ಸಲ, ಮಧ್ಯಾಹ್ನ ಫೋನಿನಲ್ಲಿ ಇನ್ನೊಂದು ಸಲ ಹೇಳುತ್ತಾರೆ. ಏಕೆ ಕೊಡಬಾರದು ಅಂತ ಮಾತ್ರ ಹೇಳುವುದಿಲ್ಲ. ಕಾರಣ ಹೇಳದ ಕಟ್ಟಪ್ಪಣೆಯನ್ನು ನಮ್ಮ ವಯಸ್ಸಿನವರು ಎಷ್ಟು ಪಾಲಿಸುತ್ತೇವೆ ಅನ್ನುವುದು ನಿಮಗೂ ಗೊತ್ತು, ನನಗೂ ಗೊತ್ತು, ನಾಯಿಗಂತೂ ಚೆನ್ನಾಗಿಯೇ ಗೊತ್ತು. ಸಂಜೆ ಕಾಫಿ ಲೋಟದ ಪಕ್ಕ ಬಟ್ಟಲಿಟ್ಟುಕೊಂಡು ಕೂತರೆ ಅದು ಬಂದು ಗದ್ದವನ್ನು ನಮ್ಮ ಮಂಡಿಯ ಮೇಲೆ ಊರುವುದು ಸುಮ್ಮನೆ ಅಲ್ಲ.

ಆ ಬಟ್ಟಲಿನಲ್ಲಿ ಹೆಚ್ಚಾಗಿ ಇರುವುದು ಕಡಲೆಬೀಜ, ಗೋಡಂಬಿ, ಬಾದಾಮಿ. ಇವನ್ನು ನಾಯಿಗೆ ಕೊಡಬಹುದೇ ಅನ್ನುವ ಪ್ರಶ್ನೆಗೆ ಮಕ್ಕಳು "ಬೇಡವೇ ಬೇಡ" ಅನ್ನುತ್ತಾರೆ, ನಾವು "ಒಂದು ಕೊಟ್ಟರೆ ಏನಾಗುತ್ತೆ" ಅನ್ನುತ್ತೇವೆ. ಎರಡೂ ಅರ್ಧ ಸರಿ, ಅರ್ಧ ತಪ್ಪು.

ಮೊದಲು ಸಮಾಧಾನದ ಸುದ್ದಿ. ಕಡಲೆಬೀಜ ನಾಯಿಗೆ ವಿಷವಲ್ಲ. ಸಿಪ್ಪೆ ಬಿಡಿಸಿ, ಉಪ್ಪಿಲ್ಲದೆ ಹುರಿದದ್ದೋ ಬೇಯಿಸಿದ್ದೋ ನಾಲ್ಕಾರು ಕಾಳು ತಿಂದರೆ ಆರೋಗ್ಯವಾಗಿರುವ ನಾಯಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಗೋಡಂಬಿಯೂ ವಿಷವಲ್ಲ. ನಾವು ತಿನ್ನುವ ಸಿಹಿ ಬಾದಾಮಿಯೂ ವಿಷವಲ್ಲ, ಆದರೆ ನಾಯಿ ಅಗಿಯುವುದು ಕಡಿಮೆ, ನುಂಗುವುದೇ ಹೆಚ್ಚು. ಇಡೀ ಬಾದಾಮಿ ಸಣ್ಣ ನಾಯಿಯ ಗಂಟಲಲ್ಲೋ ಕರುಳಲ್ಲೋ ಸಿಕ್ಕಿಕೊಂಡರೆ ಫಜೀತಿ. ಪಿಸ್ತಾದ ಚಿಪ್ಪು, ಕಡಲೆಕಾಯಿ ಸಿಪ್ಪೆ, ತೆಂಗಿನ ನಾರು ಇವುಗಳದ್ದೂ ಇದೇ ತೊಂದರೆ. ಕೊಬ್ಬರಿಯ ಒಂದು ಸಣ್ಣ ಚೂರು ಕೊಟ್ಟರೆ ಪರವಾಗಿಲ್ಲ, ಆಡಿಕೊಳ್ಳಲಿ ಅಂತ ಕರಟ ಎಸೆಯಬೇಡಿ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿ ಪರಿಷೆಯಿಂದ ಹಸಿ ಕಡಲೆಕಾಯಿ ತಂದಾಗ ನಾವು ಉಪ್ಪುನೀರಿನಲ್ಲೇ ಬೇಯಿಸುವುದು. ಆ ಉಪ್ಪು ಕಾಳಿಗೂ ಇಳಿದಿರುತ್ತದೆ. ನಾಯಿಗೆ ಕೊಡಲೇಬೇಕು ಅನ್ನಿಸಿದರೆ ಅದಕ್ಕೊಂದು ಹಿಡಿ ಬೇರೆ, ಸಪ್ಪೆಯಾಗಿ ಬೇಯಿಸಿ.

ಹಾಗಾದರೆ ಬಟ್ಟಲು ಮುಂದಕ್ಕೆ ತಳ್ಳಬಹುದೇ? ಇಲ್ಲ. ಕಡಲೆಬೀಜ, ಬಾದಾಮಿಗಳ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಬರೀ ಕೊಬ್ಬು. ಆಕ್ರೋಟಿನಲ್ಲಿ ಮೂರರಲ್ಲಿ ಎರಡು ಪಾಲು. ಒಂದು ಗೋಡಂಬಿ ಅಂದರೆ 8–9 ಕ್ಯಾಲರಿ. 5 ಕೆ.ಜಿ. ತೂಗುವ ಪೊಮೇರಿಯನ್‌ಗೆ ಇಡೀ ದಿನಕ್ಕೆ ಬೇಕಾಗುವುದು ಸುಮಾರು 350 ಕ್ಯಾಲರಿ. ಊಟದ ಹೊರಗಿನ ತಿಂಡಿ ಅದರ ಹತ್ತನೇ ಒಂದು ಪಾಲು ಮೀರಬಾರದು ಅನ್ನುವುದು ಪಶುವೈದ್ಯರ ಲೆಕ್ಕ. ನಾಲ್ಕು ಗೋಡಂಬಿಗೆ ಆ ಲೆಕ್ಕ ಮುಗಿಯಿತು. ನಮ್ಮ ಕೈಯಲ್ಲಿ ಹಿಡಿಯುವಷ್ಟು, 30 ಗ್ರಾಂ ಕೊಟ್ಟರೆ ಅರ್ಧ ದಿನದ ಊಟವನ್ನೇ ಮೇಲಿಂದ ತುರುಕಿದ ಹಾಗೆ.

ಬೊಜ್ಜು ಬರುವುದು ನಿಧಾನದ ಮಾತು. ತಕ್ಷಣದ ಅಪಾಯ ಮೇದೋಜೀರಕ ಗ್ರಂಥಿಯದ್ದು. ಒಮ್ಮೆಲೇ ಜಿಡ್ಡು ಜಾಸ್ತಿ ಹೋದರೆ ಕೆಲವು ನಾಯಿಗಳಲ್ಲಿ ಆ ಗ್ರಂಥಿ ಊದಿಕೊಂಡು ತನ್ನ ರಸದಿಂದ ತನ್ನನ್ನೇ ಜೀರ್ಣಿಸಿಕೊಳ್ಳಲು ಶುರುಮಾಡುತ್ತದೆ. ನಾಯಿ ಮತ್ತೆ ಮತ್ತೆ ವಾಂತಿ ಮಾಡುತ್ತದೆ, ಅನ್ನ ಮುಟ್ಟುವುದಿಲ್ಲ. ಮುಂಗಾಲು ನೆಲಕ್ಕೆ ಚಾಚಿ, ಹಿಂಭಾಗ ಮೇಲಕ್ಕೆತ್ತಿಕೊಂಡು ನಿಲ್ಲುತ್ತದೆ. ನೋಡಿದವರು "ಅಯ್ಯೋ, ನಮಸ್ಕಾರ ಮಾಡ್ತಿದೆ" ಅಂತ ನಗುತ್ತಾರೆ. ಅದು ಹೊಟ್ಟೆನೋವು ತಡೆಯಲಾರದೆ ಹುಡುಕಿಕೊಂಡ ಭಂಗಿ. ಕೂಡಲೇ ಡಾಕ್ಟರಿಗೆ ತೋರಿಸಬೇಕು.

ಇಷ್ಟು ಬೀಜದ ಸ್ವಂತ ಗುಣದ ಮಾತಾಯಿತು. ನಾನು ಮುಖ್ಯವಾಗಿ ಹೇಳಲು ಹೊರಟದ್ದು ಬೇರೆ. ನಮ್ಮ ಅಡುಗೆಮನೆಯಲ್ಲಿ ಬೀಜ ಒಂಟಿಯಾಗಿ ಬರುವುದೇ ಇಲ್ಲ. ಅದರ ಜೊತೆಗಾರರು ಯಾರು ಅಂತ ನೋಡದೆ ಕೊಟ್ಟರೆ ಅಲ್ಲಿಗೆ ಅಪಾಯ ಬಂತು.

ಗೋಡಂಬಿಯನ್ನೇ ತೆಗೆದುಕೊಳ್ಳಿ. ನಾವು ಯಾವತ್ತಾದರೂ ಬರೀ ಗೋಡಂಬಿ ಅಂದಿದ್ದೇವೆಯೇ? ದ್ರಾಕ್ಷಿ–ಗೋಡಂಬಿ. ಶಾವಿಗೆ ಪಾಯಸಕ್ಕೆ, ಕೇಸರಿಬಾತಿಗೆ, ರವೆ ಉಂಡೆಗೆ ಎರಡನ್ನೂ ಒಂದೇ ಸೌಟಿನಲ್ಲಿ ತುಪ್ಪದಲ್ಲಿ ಹುರಿಯುತ್ತೇವೆ. ಆ ಜೋಡಿಯಲ್ಲಿ ಗೋಡಂಬಿ ಸಾಧು, ದ್ರಾಕ್ಷಿ ನಾಯಿಯ ಪಾಲಿಗೆ ವಿಷ. ದ್ರಾಕ್ಷಿ, ಒಣದ್ರಾಕ್ಷಿ ತಿಂದ ನಾಯಿಗಳ ಮೂತ್ರಪಿಂಡ ಕೆಡುತ್ತಿದೆ ಎಂದು ಅಮೆರಿಕದ ಪಶುವೈದ್ಯರು 2001ರಲ್ಲೇ ಬರೆದರು. ಏಕೆ ಅನ್ನುವುದು ಇಪ್ಪತ್ತು ವರ್ಷ ಹೊಳೆಯಲಿಲ್ಲ. ಮಕ್ಕಳು ಆಡಲು ಮನೆಯಲ್ಲೇ ಕಲಸಿದ ಹಿಟ್ಟಿನ ಉಂಡೆ ತಿಂದ ನಾಯಿಗೂ ಅದೇ ಥರ ಮೂತ್ರಪಿಂಡ ಕೆಟ್ಟಾಗ, ಆ ಹಿಟ್ಟಿಗೆ ಹಾಕಿದ್ದ ಟಾರ್ಟಾರಿಕ್ ಆಮ್ಲದ ಉಪ್ಪಿನ ಮೇಲೆ ಅನುಮಾನ ಬಂತು. ದ್ರಾಕ್ಷಿಯಲ್ಲಿ ಹೇರಳವಾಗಿರುವುದೂ ಅದೇ ಆಮ್ಲ. 2021ರಿಂದ ಈ ವಾದಕ್ಕೆ ಬಲ ಬಂದಿದೆ. ತಳಿಯಿಂದ ತಳಿಗೆ, ಹಣ್ಣಿನ ಹದದಿಂದ ಹದಕ್ಕೆ ಆಮ್ಲದ ಪ್ರಮಾಣ ಬದಲಾಗುತ್ತದೆ. ಅದಕ್ಕೇ ಒಂದು ನಾಯಿ ಹಿಡಿ ದ್ರಾಕ್ಷಿ ತಿಂದು ಬಾಲ ಅಲ್ಲಾಡಿಸಿಕೊಂಡು ಓಡಾಡುತ್ತದೆ, ಅಷ್ಟೇ ತೂಕದ ಇನ್ನೊಂದು ಸ್ವಲ್ಪ ತಿಂದು ಮೂರನೇ ದಿನಕ್ಕೆ ಮೂತ್ರ ನಿಂತು ಮಲಗುತ್ತದೆ. "ಇಷ್ಟರವರೆಗೆ ಕೊಡಬಹುದು" ಅಂತ ಗೆರೆ ಎಳೆಯಲು ಬರುವುದಿಲ್ಲ. ಪಕ್ಕದ ಮನೆಯವರ ನಾಯಿ ತಿಂದು ಜೀರ್ಣಿಸಿಕೊಂಡಿತು ಅನ್ನುವುದು ನಮ್ಮ ನಾಯಿಗೆ ಗ್ಯಾರಂಟಿಯಲ್ಲ.

ಇಲ್ಲೊಂದು ಸೂಕ್ಷ್ಮ ಇದೆ, ಗಮನಿಸಿ. ಪಾಯಸದ ದ್ರಾಕ್ಷಿ ಅನೇಕ ಮಕ್ಕಳಿಗೆ ಸೇರುವುದಿಲ್ಲ. ಉಬ್ಬಿ ಮೆತ್ತಗಾದದ್ದನ್ನು ಒಂದೊಂದಾಗಿ ಆರಿಸಿ ಬಟ್ಟಲಿನ ಅಂಚಿಗೆ ಅಂಟಿಸುತ್ತಾರೆ. ಅಮ್ಮ ನೋಡಿದರೆ ಬೈಗುಳ. ಅದಕ್ಕೆ ಅವೆಲ್ಲ ಮೇಜಿನ ಕೆಳಗೆ ಕಾದಿರುವ ಬಾಯಿಗೆ ಹೋಗುತ್ತವೆ. ಮೊಮ್ಮಗುವಿನ ಪಕ್ಕ ಊಟಕ್ಕೆ ಕೂರುವವರು ನಾವೇ ಆದ್ದರಿಂದ ಆ ಕೈಯ ಮೇಲೆ ಕಣ್ಣಿಡಬೇಕಾದವರೂ ನಾವೇ.

ಇನ್ನು ಪುಳಿಯೋಗರೆ. ಅದರಲ್ಲಿ ಕಡಲೆಬೀಜದ ಜೊತೆಗಾರ ಹುಣಸೆಹಣ್ಣು. ಹುಣಸೆಯಲ್ಲಿರುವುದೂ ಅದೇ ಟಾರ್ಟಾರಿಕ್ ಆಮ್ಲ, ಅದೂ ಧಾರಾಳವಾಗಿ. ಹುಣಸೆ ತಿಂದು ಮೂತ್ರಪಿಂಡ ಕೆಟ್ಟ ನಾಯಿಗಳ ವಿವರ ಪಶುವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿದೆ. ಒಂದು ತುತ್ತು ಪ್ರಸಾದಕ್ಕೆ ನಾಯಿ ಸತ್ತೇ ಹೋಗುತ್ತದೆ ಅಂತ ನಾನು ಹೆದರಿಸುತ್ತಿಲ್ಲ. ಆದರೆ ದೇವಸ್ಥಾನದಿಂದ ತಂದ ದೊನ್ನೆಯಲ್ಲಿ ಉಳಿದದ್ದನ್ನು ಪೂರಾ ಅದರ ತಟ್ಟೆಗೆ ಸುರಿಯುವ ಅಭ್ಯಾಸ ಇದ್ದರೆ ಬಿಟ್ಟುಬಿಡಿ. ಗೊಜ್ಜು ಕಾಯಿಸಿಟ್ಟ ಪಾತ್ರೆಯನ್ನು ನೆಕ್ಕಲು ಬಿಡಬೇಡಿ.

ಉತ್ತರ ಕರ್ನಾಟಕದ ಓರಗೆಯವರೇ, ನಿಮ್ಮ ಶೇಂಗಾ ಚಟ್ನಿಪುಡಿಯ ಜೊತೆಗಾರ ಬೆಳ್ಳುಳ್ಳಿ. ಮಸಾಲೆ ಕಡಲೆಬೀಜಕ್ಕೆ, ಚುರುಮುರಿಗೆ ಹಸಿ ಈರುಳ್ಳಿ. ಎರಡೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ತಿಂದ ದಿನವೇ ಗೊತ್ತಾಗುವುದಿಲ್ಲ, ಕೆಲವು ದಿನ ಬಿಟ್ಟು ಒಸಡು ಬಿಳಿಚಿಕೊಳ್ಳುತ್ತದೆ, ನಾಯಿ ಸುಸ್ತಾಗಿ ಮೂಲೆ ಸೇರುತ್ತದೆ. ಬೆಂಗಳೂರಿನ ಅಯ್ಯಂಗಾರ್ ಬೇಕರಿಯ ಕಾಂಗ್ರೆಸ್ ಕಡಲೆಬೀಜದಲ್ಲಿ ಉಪ್ಪು, ಖಾರ, ಎಣ್ಣೆ ಮೂರೂ ಇವೆ. ಬಾಣಂತಿಗೆ ಕಟ್ಟುವ ಅಂಟಿನುಂಡೆಯಲ್ಲಿ ಬಾದಾಮಿ, ಗೋಡಂಬಿಯ ಜೊತೆ ಒಣದ್ರಾಕ್ಷಿ ಇರುತ್ತದೆ, ಜಾಯಿಕಾಯಿ ಇರುತ್ತದೆ. ಬಾದಾಮಿ ಹುದುಗಿಸಿದ ಚಾಕೊಲೇಟಿನಲ್ಲಿ ಕೋಕೋ ಇರುತ್ತದೆ. ಅದರಲ್ಲಿನ ಥಿಯೋಬ್ರೋಮಿನ್ ನಾಯಿಯ ಮೈಯಿಂದ ಬೇಗ ಹೊರಹೋಗದೆ ಎದೆಬಡಿತ ಏರಿಸುತ್ತದೆ. ಹಬ್ಬಕ್ಕೆ ಬರುವ ಡ್ರೈಫ್ರೂಟ್ಸ್ ಡಬ್ಬಿಯೇ ಸಾಕು: ಆರು ಖಾನೆಯಲ್ಲಿ ಒಂದರಲ್ಲಿ ದ್ರಾಕ್ಷಿ ಇದ್ದೇ ಇರುತ್ತದೆ. ಟೀಪಾಯಿ ಮೇಲಿಟ್ಟು ಬಾಗಿಲಿಗೆ ಬಂದವರನ್ನು ಮಾತಾಡಿಸಿ ಬರುವಷ್ಟರಲ್ಲಿ ನಾಯಿ ಖಾನೆ ನೋಡಿ ಆರಿಸಿಕೊಂಡು ತಿನ್ನುವುದಿಲ್ಲ.

ನಮಗೇ ಅಂಟಿಕೊಂಡಿರುವ ಜೊತೆಗಾರ ಒಬ್ಬನಿದ್ದಾನೆ. ನಮ್ಮಲ್ಲಿ ಬಹಳ ಜನಕ್ಕೆ ಸಕ್ಕರೆ ಕಾಯಿಲೆ. ಆದ್ದರಿಂದ ಮನೆಯಲ್ಲಿ ಶುಗರ್‌ಫ್ರೀ ಚೂಯಿಂಗ್ ಗಮ್ಮು, ಶುಗರ್‌ಫ್ರೀ ಮಿಠಾಯಿ, ಈಚೆಗೆ ಶುಗರ್‌ಫ್ರೀ ಪೀನಟ್ ಬಟರ್ ಇರುತ್ತವೆ. ನಾಯಿಗೆ ಮಾತ್ರೆ ನುಂಗಿಸಲು ಅದೇ ಪೀನಟ್ ಬಟರ್‌ನಲ್ಲಿ ಹುದುಗಿಸಿ ಕೊಡುವುದು ಈಗ ಎಲ್ಲರಿಗೂ ರೂಢಿ. ಇಂಥ ಕೆಲವು ಪದಾರ್ಥಗಳಲ್ಲಿ ಸಿಹಿಗೆ ಕ್ಸೈಲಿಟಾಲ್ ಹಾಕಿರುತ್ತಾರೆ. ಮನುಷ್ಯನಿಗೆ ಅದರಿಂದ ತೊಂದರೆಯಿಲ್ಲ. ನಾಯಿಯ ಮೈ ಮಾತ್ರ ಅದನ್ನು ನಿಜವಾದ ಸಕ್ಕರೆ ಎಂದು ನಂಬಿ ಇನ್ಸುಲಿನ್ ಸುರಿಸಿಬಿಡುತ್ತದೆ. ಅರ್ಧ ಗಂಟೆ, ಒಂದು ಗಂಟೆಯೊಳಗೆ ರಕ್ತದ ಸಕ್ಕರೆ ಕುಸಿದು ನಾಯಿ ತೂರಾಡುತ್ತದೆ, ಬೀಳುತ್ತದೆ, ಫಿಟ್ಸ್ ಬರುತ್ತದೆ. 10 ಕೆ.ಜಿ. ನಾಯಿಗೆ ಒಂದು ಗ್ರಾಂ ಸಾಕು. ಇನ್ನೂ ಹೆಚ್ಚಾದರೆ ಪಿತ್ತಜನಕಾಂಗವೇ ಕೆಡುತ್ತದೆ. ಸಕ್ಕರೆ ಇಳಿದಾಗ ಕೈಕಾಲು ನಡುಗಿ ಬೆವರುವುದು ಹೇಗಿರುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಡಬ್ಬಿಯ ಹಿಂದಿನ ಸಣ್ಣ ಅಕ್ಷರದಲ್ಲಿ ಕ್ಸೈಲಿಟಾಲ್ ಅಥವಾ 967 ಅಂತ ಇದೆಯೇ ಎಂದು ಕನ್ನಡಕ ಹಾಕಿಕೊಂಡು ನೋಡಿ. ಕಾಣದಿದ್ದರೆ ಮೊಮ್ಮಗನ ಕೈಲಿ ಓದಿಸಿ.

ಜೊತೆಗಾರರಿಲ್ಲದೆಯೂ, ತಾನಾಗಿಯೇ ನಾಯಿಗೆ ವಿಷವಾಗುವ ಬೀಜ ಮೆಕಡೇಮಿಯ. ಆಸ್ಟ್ರೇಲಿಯಾ ಮೂಲದ, ದುಂಡಗೆ ಬೆಣ್ಣೆಬಣ್ಣಕ್ಕಿರುವ ಈ ಬೀಜ ನಮ್ಮ ಕಿರಾಣಿ ಅಂಗಡಿಯಲ್ಲಿ ಸಿಗುವುದು ಅಪರೂಪ, ಹೊರದೇಶದಿಂದ ರಜೆಗೆ ಬರುವ ಮಕ್ಕಳ ಸೂಟ್‌ಕೇಸಿನಲ್ಲಿ ಬರುವುದು ಅಪರೂಪವಲ್ಲ. ಚಾಕೊಲೇಟ್ ಸುತ್ತಿದ್ದು, ಬಿಸ್ಕತ್ತಿನಲ್ಲಿ ಹುದುಗಿದ್ದು ಎಲ್ಲ ಉಂಟು. ನಾಯಿಯ ಒಂದು ಕೆ.ಜಿ. ತೂಕಕ್ಕೆ ಒಂದು ಗ್ರಾಂಗಿಂತ ಕಡಿಮೆ ತಿಂದಾಗಲೂ ಲಕ್ಷಣ ಕಂಡದ್ದಿದೆ. ಹನ್ನೆರಡು ಗಂಟೆಯೊಳಗೆ ಹಿಂಗಾಲಿನ ಬಲ ಹೋಗಿ ನಾಯಿ ಏಳಲಾರದೆ ಒದ್ದಾಡುತ್ತದೆ, ನಡುಗುತ್ತದೆ, ಮೈ ಬಿಸಿಯಾಗುತ್ತದೆ. ಹೆಚ್ಚಿನವು ಒಂದೆರಡು ದಿನದಲ್ಲಿ ಚೇತರಿಸಿಕೊಳ್ಳುತ್ತವೆ. ಆ ಒಂದೆರಡು ದಿನವನ್ನು ಅದಕ್ಕೂ ನಮಗೂ ತಂದುಕೊಳ್ಳುವುದೇಕೆ?

ಮಲೆನಾಡಿನವರಿಗೆ ಅಡಿಕೆಯ ವಿಷಯವೊಂದು. ಅಡಿಕೆ ಕೊಟ್ಟರೆ ನಾಯಿಯ ಹೊಟ್ಟೆಹುಳ ಬೀಳುತ್ತದೆ ಅಂತ ಹಿಂದಿನವರು ಹೇಳುತ್ತಿದ್ದದ್ದು ಸುಳ್ಳಲ್ಲ. ಅಡಿಕೆಯಲ್ಲಿರುವ ಅರೆಕೋಲಿನ್ ಅಂಶದಿಂದ ಮಾಡಿದ ಔಷಧವನ್ನು ನ್ಯೂಜಿಲೆಂಡಿನಲ್ಲಿ ಒಂದು ಕಾಲಕ್ಕೆ ಲಾಡಿಹುಳು ಪತ್ತೆಹಚ್ಚಲು ಊರ ನಾಯಿಗಳಿಗೆಲ್ಲ ಕುಡಿಸುತ್ತಿದ್ದರು. ಕುಡಿದ ನಾಯಿ ಜೊಲ್ಲು ಸುರಿಸಿ, ಭೇದಿಯಾಗಿ ಸುಸ್ತಾಗುತ್ತಿತ್ತು. ಹೆಚ್ಚಾದರೆ ಪ್ರಾಣಕ್ಕೇ ಸಂಚಕಾರ. ಅಳತೆಮಾಡಿ ಕೊಡುತ್ತಿದ್ದ ಔಷಧವೇ ಹೀಗಿದ್ದ ಮೇಲೆ ಅಂದಾಜಿನಲ್ಲಿ ಕೊಡುವ ಹೋಳಿನ ಕಥೆ ಕೇಳುವುದೇ ಬೇಡ. ಈಗ ಜಂತುಹುಳುವಿಗೆ ಒಳ್ಳೆಯ ಮಾತ್ರೆಗಳಿವೆ. ಕರಾವಳಿಯವರೂ ಅಷ್ಟೇ, ಅಂಗಳದಲ್ಲಿ ಒಣಹಾಕಿದ ಗೇರುಬೀಜದ ಹತ್ತಿರ ನಾಯಿಮರಿಯನ್ನು ಬಿಡಬೇಡಿ. ಹಸಿ ಸಿಪ್ಪೆಯ ಎಣ್ಣೆ ನಮ್ಮ ಕೈಯನ್ನೇ ಸುಟ್ಟು ಬೊಬ್ಬೆ ಎಬ್ಬಿಸುತ್ತದೆ, ಅದರ ನಾಲಗೆಯನ್ನು ಬಿಡುತ್ತದೆಯೇ?

ಇನ್ನು ನಮ್ಮದೇ ಕೈಚಳಕದ ಒಂದು ಕೆಲಸ. ಕಡಲೆಬೀಜವನ್ನು ಮೊರಕ್ಕೆ ಹಾಕಿ ಕೇರಿ, ಬೆಳಕಿಗೆ ಹಿಡಿದು, ಕಪ್ಪಾದದ್ದು, ಮುರುಟಿದ್ದು, ಬೂಷ್ಟು ಹಿಡಿದದ್ದನ್ನು ಬೆರಳ ತುದಿಯಲ್ಲಿ ಎತ್ತಿ ಪಕ್ಕಕ್ಕೆ ಹಾಕುವುದರಲ್ಲಿ ನಮ್ಮನ್ನು ಮೀರಿಸುವವರಿಲ್ಲ. ಹಾಗೆ ಆರಿಸಿ ತೆಗೆದದ್ದನ್ನು ಏನು ಮಾಡುತ್ತೇವೆ? ಹಾಳು ಮಾಡುವುದೇಕೆ ಅಂತ ಹಿತ್ತಲಿಗೆ ಎಸೆಯುತ್ತೇವೆ. ಕೋಳಿಯೋ ನಾಯಿಯೋ ತಿನ್ನಲಿ ಅನ್ನುತ್ತೇವೆ. ಬೂಷ್ಟು ಹಿಡಿದ ಆ ಕಾಳಿನಲ್ಲೇ ಅಫ್ಲಟಾಕ್ಸಿನ್ ಅನ್ನುವ ವಿಷ ಹೆಚ್ಚಾಗಿ ಸೇರಿಕೊಂಡಿರುವುದು. ಅದನ್ನು ಗುರುತಿಸಿದ್ದೇ ಕಡಲೆ ಹಿಂಡಿಯಲ್ಲಿ. 1960ರಲ್ಲಿ ಇಂಗ್ಲೆಂಡಿನಲ್ಲಿ ಆ ಹಿಂಡಿ ತಿಂದ ಟರ್ಕಿ ಕೋಳಿಗಳು ಲಕ್ಷದ ಲೆಕ್ಕದಲ್ಲಿ ಸತ್ತಿದ್ದವು. ಹುರಿದರೂ ಕರಿದರೂ ಅದು ಪೂರಾ ಹೋಗುವುದಿಲ್ಲ. ಹಳೆಯ ಆಕ್ರೋಟಿನಲ್ಲಿ ಬೆಳೆಯುವ ಬೂಷ್ಟಿನದು ಇನ್ನೊಂದು ಬಗೆಯ ವಿಷ, ಅದರಿಂದ ನಾಯಿಗೆ ನಡುಕ, ಫಿಟ್ಸ್ ಬರುತ್ತದೆ.

ನಮ್ಮ ದೇಶದಲ್ಲಿ ಇದಕ್ಕೊಂದು ದಾರುಣ ಸಾಕ್ಷಿಯಿದೆ. 1974ರಲ್ಲಿ ರಾಜಸ್ಥಾನದ ಬಾಂಸವಾಡಾ, ಗುಜರಾತಿನ ಪಂಚಮಹಲ್ ಜಿಲ್ಲೆಗಳ ಬಡ ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳವನ್ನು ಬೇರೆ ದಾರಿಯಿಲ್ಲದೆ ಉಂಡ ನೂರಕ್ಕೂ ಹೆಚ್ಚು ಜನ ಕಾಮಾಲೆಯಾಗಿ, ಹೊಟ್ಟೆಯಲ್ಲಿ ನೀರು ತುಂಬಿ ಸತ್ತರು. ಅವರಿಗಿಂತ ಮುಂಚೆ, ಇದೇ ಲಕ್ಷಣ ತೋರಿ ಸತ್ತದ್ದು ಆ ಹಳ್ಳಿಗಳ ನಾಯಿಗಳು. ನಮ್ಮ ತಟ್ಟೆಯಲ್ಲಿ ಮಿಕ್ಕದ್ದನ್ನು ತಿನ್ನುವ ಪ್ರಾಣಿಗೆ ನಮ್ಮ ಕೇಡು ಮೊದಲೇ ತಟ್ಟುತ್ತದೆ. ಆರಿಸಿ ತೆಗೆದ ಕಾಳು ಹಿತ್ತಲಿಗೂ ಬೇಡ, ದನದ ಬಾನಿಗೂ ಬೇಡ. ಕಸಕ್ಕೆ ಹಾಕಿ, ಮೇಲೆ ಮುಚ್ಚಿ.

ನೀವು ಏನು ಕೇಳುತ್ತೀರಿ ಅನ್ನುವುದು ನನಗೆ ಗೊತ್ತು. "ನಮ್ಮ ಕಾಲದ ನಾಯಿಗಳು ತಂಗಳು ಮುದ್ದೆ, ಸಾರನ್ನ ತಿಂದುಕೊಂಡು ಬದುಕಲಿಲ್ಲವೇ? ಆಗ ಯಾವ ಡಾಕ್ಟರು, ಯಾವ ಕ್ಯಾಲರಿ?" ಬದುಕಿದವು, ನಿಜ. ಆದರೆ ಸ್ವಲ್ಪ ನೆನಪು ಮಾಡಿಕೊಳ್ಳಿ. ಆಗ ದ್ರಾಕ್ಷಿ–ಗೋಡಂಬಿ ಅಮ್ಮನ ಬೀರುವಿನ ಒಳಗಿನ ಸಣ್ಣ ಡಬ್ಬಿಯಲ್ಲಿರುತ್ತಿತ್ತು. ಹಬ್ಬದ ಪಾಯಸಕ್ಕೆ ಎಣಿಸಿ ಹಾಕುತ್ತಿದ್ದರು, ನಮ್ಮ ಪಾಲಿಗೇ ಎರಡು ಬಂದರೆ ಹೆಚ್ಚು. ಅಂಗಳದ ನಾಯಿಗೆ ಅದರ ವಾಸನೆಯೂ ಸಿಗುತ್ತಿರಲಿಲ್ಲ. ಅದು ಊರೆಲ್ಲ ಓಡಾಡಿ ಬರುತ್ತಿತ್ತು, ಈಗಿನದು ಮೂರನೇ ಮಹಡಿಯ ಸೋಫಾದ ಮೇಲೆ ಒರಗಿರುತ್ತದೆ. ನಾಯಿ ಬದಲಾಗಿಲ್ಲ, ನಮ್ಮ ಡಬ್ಬಿಗಳು ಬದಲಾಗಿವೆ. ಇನ್ನು ಆ ಕಾಲದಲ್ಲಿ ಬಣವೆಯ ಮರೆಯಲ್ಲಿ ಸದ್ದಿಲ್ಲದೆ ಸತ್ತ ನಾಯಿ ಯಾವುದರಿಂದ ಸತ್ತಿತು ಅಂತ ಯಾರೂ ರಕ್ತ ಪರೀಕ್ಷೆ ಮಾಡಿಸಿ ನೋಡಲಿಲ್ಲ.

ಕೊಡುವ ಖುಷಿಯನ್ನೇ ಬಿಟ್ಟುಬಿಡಿ ಅಂತ ನಾನು ಹೇಳಲಾರೆ. ನಮಗೆ ಉಳಿದಿರುವ ಸುಖಗಳಲ್ಲಿ ಅದೂ ಒಂದು. ಸೌತೆಕಾಯಿ ಹೋಳು, ಕ್ಯಾರೆಟ್ ಚೂರು, ಉಪ್ಪಿಲ್ಲದೆ ಬೇಯಿಸಿದ ಸಿಹಿಗುಂಬಳ ಕೊಡಿ. ಗೋಡಂಬಿಯೇ ಬೇಕೆಂದರೆ ಒಂದನ್ನು ನಾಲ್ಕು ಚೂರು ಮಾಡಿ ನಾಲ್ಕು ಸಲ ಕೊಡಿ. ನಾಲ್ಕು ಸಲ ಕೊಟ್ಟ ತೃಪ್ತಿ ನಿಮಗೆ, ನಾಲ್ಕು ಸಲ ತಿಂದ ತೃಪ್ತಿ ಅದಕ್ಕೆ. ಮೇದೋಜೀರಕ ಗ್ರಂಥಿ ಒಮ್ಮೆ ಊದಿಕೊಂಡಿದ್ದ ನಾಯಿಗೆ ಮಾತ್ರ ಆ ಕಾಲು ಚೂರೂ ಬೇಡ.

ಇಷ್ಟಾದ ಮೇಲೂ ಒಂದು ದಿನ ತಿನ್ನಬಾರದ್ದನ್ನು ಅದು ತಿಂದೇಬಿಟ್ಟರೆ? ಆಗ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಆ ಉಪ್ಪೇ ರಕ್ತಕ್ಕೇರಿ ಇನ್ನೊಂದು ವಿಷವಾಗುತ್ತದೆ. ಹಾಲು, ಎಣ್ಣೆ, ಹರಳೆಣ್ಣೆ ಯಾವುದೂ ಬೇಡ. ಏನು ತಿಂದಿತು, ಎಷ್ಟು ಹೊತ್ತಿಗೆ ತಿಂದಿತು, ಹೆಚ್ಚುಕಡಿಮೆ ಎಷ್ಟು ತಿಂದಿತು ಅನ್ನುವುದನ್ನು ಚೀಟಿಯಲ್ಲಿ ಬರೆದುಕೊಂಡು, ಖಾಲಿ ಪೊಟ್ಟಣವನ್ನೂ ಜೊತೆಗಿಟ್ಟುಕೊಂಡು ಡಾಕ್ಟರ ಬಳಿ ಹೋಗಿ. ಬೆಂಗಳೂರಿನಲ್ಲಾದರೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿದೆ, ಬೇರೆ ಕಡೆ ತಾಲ್ಲೂಕು ಪಶು ಆಸ್ಪತ್ರೆಯಿದೆ. ದ್ರಾಕ್ಷಿ ತಿಂದು ಒಂದೆರಡು ಗಂಟೆಯೊಳಗೆ ಹೋದರೆ ಅವರು ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಿ, ಡ್ರಿಪ್ ಹಾಕಿ ಮೂತ್ರಪಿಂಡ ಉಳಿಸಬಲ್ಲರು. ನಾಯಿ ಚೆನ್ನಾಗಿಯೇ ಇದೆಯಲ್ಲ, ನೋಡೋಣ ಅಂತ ಎರಡು ದಿನ ಕಾದರೆ ಅವರ ಕೈಯಲ್ಲೂ ಹೆಚ್ಚೇನೂ ಉಳಿದಿರುವುದಿಲ್ಲ.

ಆ ಒಂದೆರಡು ಗಂಟೆ ನಮ್ಮ ಮನೆಗಳಲ್ಲಿ ಹಾಳಾಗುವುದು ಹೇಗೆ ಅಂತ ನಿಮಗೇ ಗೊತ್ತು. ಮಗ ಬೈಯುತ್ತಾನೆ, ಸೊಸೆ ಮುಖ ಗಂಟಿಕ್ಕುತ್ತಾಳೆ ಅಂತ ನಾವು ಬಾಯಿ ಬಿಡುವುದಿಲ್ಲ. ಸಂಜೆ ಅವರು ಬಂದು "ಯಾಕೆ ಮಂಕಾಗಿದೆ, ಏನಾದ್ರೂ ಕೊಟ್ರಾ?" ಅಂತ ಕೇಳಿದರೆ "ಏನೂ ಇಲ್ಲಪ್ಪ, ಬಿಸಿಲಿಗೆ" ಅನ್ನುತ್ತೇವೆ. ಡಾಕ್ಟರೂ ಬಿಸಿಲಿನ ಹಿಂದೆ ಹೋಗುತ್ತಾರೆ. ಆದ್ದರಿಂದ ನನ್ನ ಕೊನೆಯ ಕೋರಿಕೆ ಇಷ್ಟೇ: ಕೊಟ್ಟಿದ್ದರೆ ಕೊಟ್ಟೆ ಅನ್ನಿ. ಮಕ್ಕಳು ಆಫೀಸಿನಲ್ಲಿದ್ದರೂ ಸರಿ, ಮೀಟಿಂಗಿನಲ್ಲಿದ್ದರೂ ಸರಿ, ಆಗಲೇ ಫೋನ್ ಮಾಡಿ ಹೇಳಿ. ಈ ಪತ್ರವನ್ನು ಅವರ ಕೈಗೂ ಕೊಡಿ, ಏಕೆಂದರೆ ಇದರ ಮುಂದಿನ ಸಾಲು ಅವರಿಗೆ. ಅಪ್ಪ–ಅಮ್ಮ ನಿಜ ಹೇಳಿದ ದಿನ ಅವರನ್ನು ಬೈಯಬೇಡಿ. ಬೈದರೆ ಮುಂದಿನ ಸಲ ಅವರು ಹೇಳುವುದಿಲ್ಲ, ಅದರ ದಂಡ ತೆರುವುದು ನಾಯಿ.

ಇಂತಿ,
ನಿಮ್ಮಂತೆಯೇ ಹಗಲೆಲ್ಲ ನಾಯಿ ಕಾಯುವ
ಒಬ್ಬ ಅಜ್ಜಿ